ಲೈವ್‌ಗೆ ಒಬ್ಬರನ್ನೇ ಕಳಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ವಾಚಕರ ಪತ್ರಗಳಲ್ಲಿ ಟಿವಿ ವರದಿಗಾರರ ಮೇಲಿನ ಸಿಟ್ಟು ಆಗಾಗ ಕಾಣಿಸುತ್ತದೆ. ಮಳೆಯಲ್ಲಿ ನಿಂತು ಯಾಕೆ ಕೂಗಾಡುತ್ತಾರೆ, ಸತ್ತವರ ಮನೆ ಮುಂದೆ ಮೈಕ್ ಯಾಕೆ ಹಿಡಿಯುತ್ತಾರೆ, ಪ್ರಶ್ನೆ ಕೇಳಿದರೆ ತಕ್ಷಣ ಉತ್ತರ ಕೊಡದೆ ಸುಮ್ನೆ ಯಾಕೆ ಕ್ಯಾಮೆರಾ ನೋಡುತ್ತಾ ನಿಲ್ಲುತ್ತಾರೆ ಅಂತೆಲ್ಲ. ಅದರಲ್ಲಿ ಎಷ್ಟೋ ಮಾತು ನ್ಯಾಯವಾದದ್ದೇ. ನಾನೂ ಅಂಥ ಒಬ್ಬ ವರದಿಗಾರ್ತಿ. ಮನೆ ಬಿಟ್ಟು ದೂರದ, ಗುರುತು ಪರಿಚಯ ಇಲ್ಲದ ಊರಿನಲ್ಲಿ ಸ್ಥಳೀಯ ಸುದ್ದಿ ವಾಹಿನಿಯ ಕೆಲಸ ಮಾಡುತ್ತೇನೆ. ಪರದೆಯ ಮೇಲೆ ಯಾವತ್ತೂ ಕಾಣಿಸದ ಒಂದು ಸಂಗತಿಯನ್ನು ಓದುಗರಿಗೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನೀವು ಲೈವ್‌ನಲ್ಲಿ ನೋಡುವ ವರದಿಗಾರರ ಎದುರು ಈಗ ಎಷ್ಟೋ ಕಡೆ ಯಾರೂ ಇರುವುದಿಲ್ಲ. ಸ್ಟ್ಯಾಂಡಿನ ಮೇಲೆ ಒಂದು ಕ್ಯಾಮೆರಾ ಇರುತ್ತದೆ, ಅಷ್ಟೇ.

ಮೊದಲು ಹೀಗಿರಲಿಲ್ಲ. ಕ್ಯಾಮೆರಾ ಭಾರ ಇತ್ತು, ಹೊರಲು ಒಬ್ಬರು ಬೇಕಿತ್ತು. ಲೈವ್ ಅಂದರೆ ಸ್ಥಳದಿಂದಲೇ ನೇರ ಪ್ರಸಾರ ಮಾಡುವ ಓಬಿ ವ್ಯಾನ್ ಬರಬೇಕು, ಅದರ ಜೊತೆ ಡ್ರೈವರ್, ಎಂಜಿನಿಯರ್ ಬರಬೇಕು. ಬೇಡ ಅಂದರೂ ನಾಲ್ಕು ಜನ ಜೊತೆಗಿರುತ್ತಿದ್ದರು. ಆಮೇಲೆ ಕ್ಯಾಮೆರಾ ಚಿಕ್ಕದಾಯಿತು. ವ್ಯಾನ್ ಮಾಡುತ್ತಿದ್ದ ಕೆಲಸವನ್ನು ಬೆನ್ನಿಗೆ ಹಾಕಿಕೊಳ್ಳುವ ಒಂದು ಚೀಲ ಮಾಡತೊಡಗಿತು. ಅದರೊಳಗೆ ಬೇರೆ ಬೇರೆ ಕಂಪನಿಗಳ ಹಲವು ಸಿಮ್‌ಗಳಿರುತ್ತವೆ. ದೃಶ್ಯವನ್ನು ತುಂಡು ತುಂಡು ಮಾಡಿ ಎಲ್ಲ ಸಿಮ್‌ಗಳ ಮೂಲಕ ಕಳಿಸುತ್ತದೆ, ಸ್ಟುಡಿಯೋದಲ್ಲಿ ಇನ್ನೊಂದು ಪೆಟ್ಟಿಗೆ ಅದನ್ನೆಲ್ಲ ಮತ್ತೆ ಜೋಡಿಸುತ್ತದೆ. ಈಗಂತೂ ಒಂದು ಫೋನ್ ಇದ್ದರೂ ಸಾಕು. ತಂತ್ರಜ್ಞಾನದ ಬಗ್ಗೆ ನನ್ನ ತಕರಾರಿಲ್ಲ, ಅದರಿಂದ ಎಷ್ಟೋ ಚಿಕ್ಕ ಊರಿನ ಸುದ್ದಿ ಹೊರಗೆ ಬಂತು. ಆದರೆ ಸಾಮಾನು ಕಮ್ಮಿಯಾದ ಹಾಗೆ ಜನರನ್ನೂ ಕಮ್ಮಿ ಮಾಡಿದರು. ಚಿತ್ರೀಕರಣ, ಬೈಟ್ ಅಂದರೆ ಜನರ ಹೇಳಿಕೆ ತೆಗೆದುಕೊಳ್ಳುವುದು, ಸ್ಕ್ರಿಪ್ಟ್, ಎಡಿಟಿಂಗ್, ಲೈವ್, ಅದರ ಮಧ್ಯೆ ವಾಹಿನಿಯ ಪುಟಕ್ಕೆ ಫೋಟೋ, ಎಲ್ಲವೂ ಒಬ್ಬರ ತಲೆಗೆ ಬಂತು. ಗಾಡಿ ಓಡಿಸುವುದೂ ಅವರೇ.

ಇದರಲ್ಲಿ ಮನೆಯಿಂದ ದೂರ ಇರುವ ಮಾತು ಎಲ್ಲಿ ಬಂತು ಅಂತ ಕೇಳಬಹುದು. ಅಲ್ಲೇ ಇರುವುದು ವಿಷಯ.

ಸ್ಥಳೀಯ ಸುದ್ದಿಯ ವರದಿಗಾರರು ಅಂದರೆ ಆ ಊರಿನವರೇ ಅಂತ ನೋಡುವವರು ಅಂದುಕೊಂಡಿರುತ್ತಾರೆ. ಬಹಳ ಕಡೆ ಹಾಗಿರುವುದಿಲ್ಲ. ಈ ವೃತ್ತಿಯಲ್ಲಿ ಕೆಲಸ ಸಿಕ್ಕಿದ ಊರೇ ನಮ್ಮ ಊರು. ಕಲಿಯುವವರು ಚಿಕ್ಕ ಕೇಂದ್ರಕ್ಕೆ ಬರುತ್ತಾರೆ, ಸ್ವಲ್ಪ ವರ್ಷ ಇರುತ್ತಾರೆ, ಇನ್ನೂ ದೊಡ್ಡ ಕಡೆ ಅವಕಾಶ ಸಿಕ್ಕರೆ ಹೋಗುತ್ತಾರೆ. ಅವರ ಜಾಗಕ್ಕೆ ಇನ್ನೊಬ್ಬ ಹೊಸಬರು ಬರುತ್ತಾರೆ. ಹಾಗಾಗಿ ಮೈಕ್ ಹಿಡಿದವರು ಯಾವಾಗಲೂ ಹೆಚ್ಚು ಕಡಿಮೆ ಹೊರಗಿನವರೇ. ಊರನ್ನು ಬಲ್ಲವರು ಕ್ಯಾಮೆರಾ ಹಿಡಿದವರು. ಅವರು ಅಲ್ಲೇ ಹುಟ್ಟಿದವರು, ಅಲ್ಲೇ ಸಂಸಾರ ಮಾಡಿಕೊಂಡವರು. ಯಾವ ಓಣಿ ಎಲ್ಲಿಗೆ ಕೂಡುತ್ತದೆ, ಯಾವ ಮೂಲೆಯಲ್ಲಿ ಜಗಳ ಬೇಗ ಹತ್ತಿಕೊಳ್ಳುತ್ತದೆ, ಯಾವ ಸೇತುವೆ ಮೊದಲು ಮುಳುಗುತ್ತದೆ ಅಂತ ಅವರಿಗೆ ಗೊತ್ತು.

ನನಗೆ ಈ ಕೆಲಸ ಕಲಿಸಿದ್ದೂ ಅಂಥ ಒಬ್ಬರೇ. ವಯಸ್ಸಿನಲ್ಲಿ ದೊಡ್ಡವರು, ಅಣ್ಣ ಅಂತಲೇ ಕರೆಯುತ್ತಿದ್ದೆ. ಒಂದು ಮಳೆಗಾಲದಲ್ಲಿ ರಸ್ತೆ ತುಂಬ ನೀರು ಹರಿಯುತ್ತಿತ್ತು. ಡೆಸ್ಕ್‌ನಿಂದ ಒಂದೇ ಸಮನೆ ಫೋನ್, ನೀರಿನೊಳಗೆ ನಿಂತು ಪಿಟಿಸಿ ಮಾಡಿ ಅಂತ. ಪಿಟಿಸಿ ಅಂದರೆ ಕ್ಯಾಮೆರಾ ನೋಡಿಕೊಂಡು ಸುದ್ದಿ ಹೇಳುವುದು. ನಾನು ಪ್ಯಾಂಟ್ ಮಡಚಿಕೊಂಡು ಹೊರಟೆ.

"ಅಲ್ಲಿ ಬೇಡಮ್ಮ, ಈ ಕಡೆ ಬಾ," ಅಂದರು.

"ಅಣ್ಣ, ಮೊಣಕಾಲಿಗೂ ಬರಲ್ಲ ನೀರು."

"ಅಲ್ಲಿ ಮ್ಯಾನ್‌ಹೋಲ್ ಇದೆ. ಅದರ ಮುಚ್ಚಳ ಹೋದ ಮಳೆಗೇ ಕೊಚ್ಚಿಕೊಂಡು ಹೋಗಿದೆ, ಇನ್ನೂ ಹಾಕಿಲ್ಲ."

ಒಂದು ಅಂಗಡಿಯ ಎತ್ತರದ ಕಟ್ಟೆ ಮೇಲೆ ನನ್ನನ್ನು ನಿಲ್ಲಿಸಿ, ಹಿಂದೆ ನೀರು ಕಾಣುವ ಹಾಗೆ ಫ್ರೇಮ್ ಇಟ್ಟರು. ನೋಡಿದವರಿಗೆ ನಾನು ನೀರಿನ ನಡುವೆಯೇ ಇದ್ದ ಹಾಗೆ ಕಂಡಿತು. ಮುಚ್ಚಳ ಇಲ್ಲದ ಆ ಗುಂಡಿ ಯಾವ ನಕ್ಷೆಯಲ್ಲೂ ಇರುವುದಿಲ್ಲ, ಫೋನಿನಲ್ಲಿ ಹುಡುಕಿದರೂ ಸಿಗಲ್ಲ. ಊರಿನ ಒಬ್ಬ ಮನುಷ್ಯನ ತಲೆಯಲ್ಲಿ ಇತ್ತು. ಕ್ಯಾಮೆರಾ ಹಿಡಿಯುವವರು ಬೇಡ ಅಂತ ತೀರ್ಮಾನ ಮಾಡಿದಾಗ ವಾಹಿನಿಗಳು ಒಂದು ಸಂಬಳ ಉಳಿಸಿಕೊಂಡವು. ಹೊರಗಿನಿಂದ ಬಂದ ವರದಿಗಾರರಿಗೆ ಮಾತ್ರ ಊರಿನ ಕಣ್ಣೇ ಹೋಯಿತು.

ಹರಿಯುವ ನೀರಿನ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಜೋರಾಗಿ ಹರಿಯುವ ನೀರು ಸುಮಾರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ಕಿತ್ತು ಕೆಡವಬಲ್ಲದು. 60 ಸೆಂಟಿಮೀಟರ್ ಇದ್ದರೆ ಹೆಚ್ಚಿನ ಕಾರುಗಳನ್ನೇ ಒಯ್ಯುತ್ತದೆ. ಹವಾಮಾನ ಇಲಾಖೆಗಳು ಜನರಿಗೆ ಹೇಳುವ ಎಚ್ಚರಿಕೆ ಇದು, ನಾವೂ ಬುಲೆಟಿನ್‌ನಲ್ಲಿ ಓದುತ್ತೇವೆ. ಓದಿದ ಮೇಲೆ ಅದೇ ನೀರಿಗೆ ಇಳಿದು "ಯಾರೂ ನೀರಿಗೆ ಇಳಿಯಬೇಡಿ" ಅಂತ ಹೇಳಬೇಕು ಅಂದರೆ ಏನರ್ಥ? 2021ರ ಸೆಪ್ಟೆಂಬರ್‌ನಲ್ಲಿ ಒಡಿಶಾದ ಮಹಾನದಿಯಲ್ಲಿ ಸಿಕ್ಕಿಕೊಂಡ ಆನೆಯ ರಕ್ಷಣೆಯನ್ನು ವರದಿ ಮಾಡಲು ಹೋದ ಟಿವಿ ಪತ್ರಕರ್ತ ಅರಿಂದಮ್ ದಾಸ್, ರಕ್ಷಣಾ ತಂಡದ ದೋಣಿ ಮಗುಚಿ ತೀರಿಕೊಂಡರು. 2018ರ ಮೇ ತಿಂಗಳಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬಿರುಗಾಳಿ ಮಳೆಯ ಸುದ್ದಿಗೆ ಹೋಗಿದ್ದ ಟಿವಿ ಪತ್ರಕರ್ತ ಮೈಕ್ ಮೆಕ್‌ಕಾರ್ಮಿಕ್ ಮತ್ತು ಕ್ಯಾಮೆರಾದ ಆರನ್ ಸ್ಮೆಲ್ಟ್ಜರ್ ಅವರ ಗಾಡಿ ಮೇಲೆ ಮರ ಬಿದ್ದು ಇಬ್ಬರೂ ಹೋದರು. ಇವರೆಲ್ಲ ಅನುಭವ ಇದ್ದವರು. ಇಬ್ಬರಿದ್ದರೆ ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಬ್ಬರಿದ್ದಾಗಲೇ ಹೀಗೆ ಆಗಬಹುದಾದ ಕೆಲಸಕ್ಕೆ ಒಬ್ಬರನ್ನೇ ಕಳಿಸುವ ಧೈರ್ಯ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಅರ್ಥವಾಗುವುದಿಲ್ಲ.

ಒಬ್ಬರೇ ಲೈವ್ ಕೊಡುವುದು ಹೇಗೆ ಅಂತ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಮೊದಲು ಸ್ಟ್ಯಾಂಡ್ ನೆಡಬೇಕು, ಕ್ಯಾಮೆರಾ ಕೂರಿಸಬೇಕು. ನಾನು ನಿಲ್ಲುವ ಜಾಗದಲ್ಲಿ ನಾನೇ ಇರಲ್ಲ ಅಲ್ವಾ, ಅದಕ್ಕೆ ಅಲ್ಲೊಂದು ಮೈಕ್ ಸ್ಟ್ಯಾಂಡೋ ಲೈಟ್ ಸ್ಟ್ಯಾಂಡೋ ನಿಲ್ಲಿಸಿ, ಅದನ್ನು ನೋಡಿ ಫೋಕಸ್ ಮಾಡಿಕೊಳ್ಳಬೇಕು. ಆಮೇಲೆ ಅದನ್ನು ತೆಗೆದು, ಅದೇ ಜಾಗದಲ್ಲಿ ಹೋಗಿ ನಿಲ್ಲಬೇಕು. ಕ್ಯಾಮೆರಾದ ಚಿಕ್ಕ ಪರದೆಯನ್ನು ನನ್ನ ಕಡೆ ತಿರುಗಿಸಿ ಇಟ್ಟಿರುತ್ತೇನೆ, ತಲೆ ಫ್ರೇಮಿನಿಂದ ಹೊರಗೆ ಹೋಗಿದೆಯಾ ಅಂತ ನೋಡಿಕೊಳ್ಳಲು. ರಾತ್ರಿಯಾದರೆ ಕ್ಯಾಮೆರಾ ಮೇಲಿನ ಲೈಟ್ ನೇರ ಕಣ್ಣಿಗೆ ಹೊಡೆಯುತ್ತದೆ. ಆ ಬೆಳಕಿನಲ್ಲಿ ನಿಂತವರಿಗೆ ಅದರಾಚೆ ಇರುವುದೆಲ್ಲ ಬರೀ ಕತ್ತಲೆ. ಯಾರು ಬಂದರು, ಯಾರು ನಿಂತರು, ಏನೂ ಕಾಣಲ್ಲ. ಒಂದು ಕಿವಿಯಲ್ಲಿ ಇಯರ್‌ಪೀಸ್, ಅದರಲ್ಲಿ ಪ್ರಸಾರ ನಡೆಸುವ ಕೊಠಡಿಯಾದ ಪಿಸಿಆರ್‌ನವರು "ಇನ್ನೊಂದು ನಿಮಿಷ, ರೆಡಿ ಇರಿ" ಅಂತ ಹೇಳುತ್ತಿರುತ್ತಾರೆ, ನಿರೂಪಕರ ಮಾತು ಬೇರೆ ಕೇಳುತ್ತಿರುತ್ತದೆ. ಇನ್ನೊಂದು ಕಿವಿಗೆ ಗಾಳಿ, ಗದ್ದಲ. ಬೆನ್ನು ರಸ್ತೆ ಕಡೆ. ಅಂದರೆ ಮುಂದೆ ಕಣ್ಣು ಕಾಣಲ್ಲ, ಹಿಂದೆ ಕಿವಿ ಕೇಳಲ್ಲ. ಆ ಸ್ಥಿತಿಯಲ್ಲಿ ಹೆಸರು, ಸಂಖ್ಯೆ, ಅಧಿಕಾರಿಯ ಹೇಳಿಕೆ ಒಂದೂ ತಪ್ಪದ ಹಾಗೆ ಹೇಳಬೇಕು.

ಕ್ಯಾಮೆರಾ ಹಿಂದೆ ಒಬ್ಬರಿದ್ದರೆ ಅವರು ಬರೀ ಚಿತ್ರ ತೆಗೆಯುವುದಿಲ್ಲ. ಲೈವ್ ನಡೆಯುತ್ತಿರುವಾಗ ಅಣ್ಣನ ಒಂದು ಕಣ್ಣು ಮಾತ್ರ ನನ್ನ ಮೇಲಿರುತ್ತಿತ್ತು. ಇನ್ನೊಂದು ಕಣ್ಣು ನನ್ನ ಹಿಂದಿನ ರಸ್ತೆ ಮೇಲೆ. ಗಾಡಿ ಹತ್ತಿರ ಬಂದರೆ ಕೈಬೆರಳಲ್ಲಿ ಸನ್ನೆ ಮಾಡುತ್ತಿದ್ದರು, ನಾನು ಮಾತು ನಿಲ್ಲಿಸದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದೆ. ಕುಡಿದವರು ಯಾರಾದರೂ ಫ್ರೇಮಿಗೆ ನುಗ್ಗಲು ನೋಡಿದರೆ ಅವರ ಹೆಗಲ ಮೇಲೆ ಕೈ ಹಾಕಿ ಆಚೆ ಕರೆದುಕೊಂಡು ಹೋಗಲು ಊರಿನ ಪರಿಚಯ ಇತ್ತು. ಸ್ಟ್ಯಾಂಡ್ ಇದ್ಯಾವುದನ್ನೂ ಮಾಡಲ್ಲ.

2022ರ ಜನವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಟೋರಿ ಯಾರ್ಗಿ ಅನ್ನುವ ವರದಿಗಾರ್ತಿ ನೀರಿನ ಪೈಪ್ ಒಡೆದ ಸುದ್ದಿಗೆ ರಾತ್ರಿ ಲೈವ್ ಕೊಡುತ್ತಿದ್ದರು. ಒಬ್ಬರೇ ಇದ್ದರು. ಮಾತಾಡುತ್ತಿರುವಾಗಲೇ ಹಿಂದಿನಿಂದ ಕಾರೊಂದು ಬಂದು ಗುದ್ದಿತು. ಅವರೂ ಬಿದ್ದರು, ಕ್ಯಾಮೆರಾವೂ ಬಿತ್ತು. ಎದ್ದು ಬಂದು, ಕ್ಯಾಮೆರಾ ತಾವೇ ನೆಟ್ಟಗೆ ಮಾಡಿಕೊಂಡು, ಸುದ್ದಿ ಹೇಳಿ ಮುಗಿಸಿದರು. ಆ ವಿಡಿಯೋ ಪ್ರಪಂಚದ ತುಂಬ ಓಡಾಡಿತು, ಎಷ್ಟೋ ಜನ ಅವರ ಧೈರ್ಯ ಮೆಚ್ಚಿಕೊಂಡರು. ನಮ್ಮಂಥವರು ಅದನ್ನು ನೋಡಿ ಮೆಚ್ಚಲಿಲ್ಲ, ಹೆದರಿದೆವು. ಕಾರು ಗುದ್ದಿದ ಮೇಲೂ ಮೊದಲು ಕ್ಯಾಮೆರಾ ಸರಿ ಮಾಡಬೇಕು ಅಂತ ಆ ಹೆಣ್ಣುಮಗಳಿಗೆ ಅನ್ನಿಸಿದ್ದು ಯಾಕೆ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಅಲ್ಲಿ ಅದನ್ನು ಮಾಡಲು ಬೇರೆ ಯಾರೂ ಇರಲಿಲ್ಲ.

ಇನ್ನು ಆ "ಸುಮ್ನೆ ನಿಲ್ಲುವ" ವಿಷಯ. ನಿರೂಪಕರ ಪ್ರಶ್ನೆ ನಮ್ಮ ಕಿವಿಗೆ ಬರಲು ಹೊತ್ತಾಗುತ್ತದೆ, ನಮ್ಮ ಉತ್ತರ ಅಲ್ಲಿಗೆ ಹೋಗಲು ಇನ್ನಷ್ಟು ಹೊತ್ತು. ಉಪಗ್ರಹದ ಮೂಲಕ ಹೋದರೆ ಸಂಕೇತ ಸುಮಾರು 36,000 ಕಿಲೋಮೀಟರ್ ಮೇಲೇರಿ ಅಷ್ಟೇ ದೂರ ಇಳಿಯಬೇಕು, ಅದಕ್ಕೆ ಕಾಲು ಸೆಕೆಂಡ್ ಬೇಕು. ಬ್ಯಾಕ್‌ಪ್ಯಾಕಿನಲ್ಲಿ ದೃಶ್ಯದ ತುಂಡುಗಳನ್ನು ಜೋಡಿಸಲು ಒಂದೆರಡು ಸೆಕೆಂಡೇ ಆಗಬಹುದು. ಸಾವಿರಾರು ಜನ ಸೇರಿದ ಕಡೆ ಎಲ್ಲರೂ ಫೋನಿನಿಂದ ವಿಡಿಯೋ ಕಳಿಸುತ್ತಿದ್ದರೆ ನೆಟ್‌ವರ್ಕ್ ಉಸಿರುಗಟ್ಟುತ್ತದೆ, ನಮ್ಮ ಚಿತ್ರ ಅಲ್ಲಲ್ಲೇ ನಿಲ್ಲುತ್ತದೆ. ಕೆಲವೊಮ್ಮೆ ಸ್ಟುಡಿಯೋದವರು ಕಿವಿಗೆ ಕಳಿಸುವ ಧ್ವನಿಯಿಂದ ನಮ್ಮ ಧ್ವನಿಯನ್ನು ಕತ್ತರಿಸುವುದು ಮರೆತಿರುತ್ತಾರೆ. ಆಗ ನಾವು ಆಡಿದ ಮಾತು ನಮಗೇ ತಡವಾಗಿ ಕೇಳುತ್ತದೆ. ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಸಾಕು, ಎಂಥ ಮಾತುಗಾರರ ನಾಲಿಗೆಯೂ ತಡವರಿಸುತ್ತದೆ. ವರದಿಗಾರರು ಮಾತಿನ ನಡುವೆ ಇಯರ್‌ಪೀಸ್ ಕಿತ್ತು ಹಾಕುವುದನ್ನು ನೀವು ನೋಡಿದ್ದರೆ, ಕಾರಣ ಬಹಳ ಸಲ ಇದೇ.

ಲೈವ್ ಬಿಟ್ಟು ಉಳಿದ ದಿನ ಹೇಗಿರುತ್ತದೆ ಅಂತಲೂ ಹೇಳಬೇಕು, ಯಾಕೆಂದರೆ ಒಬ್ಬರೇ ಇರುವುದು ಬರೀ ಕೆಲಸದ ಹೊತ್ತಿನ ಮಾತಲ್ಲ. ಹೊಸ ಊರಿಗೆ ಬಂದ ಟಿವಿ ವರದಿಗಾರರಿಗೆ ಮೊದಲು ಪರಿಚಯ ಆಗುವವರು ಠಾಣೆಯ ಪೊಲೀಸರು, ಆಂಬುಲೆನ್ಸ್ ಡ್ರೈವರ್‌ಗಳು, ಶವಾಗಾರದ ಸಿಬ್ಬಂದಿ, ಅಗ್ನಿಶಾಮಕದವರು. ನೆರೆಮನೆಯವರು ಯಾರು ಅಂತ ಗೊತ್ತಾಗುವುದು ಎಷ್ಟೋ ಕಾಲದ ನಂತರ. ಬಾಡಿಗೆ ಮನೆ ಕೇಳಲು ಹೋದರೆ "ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ" ಅನ್ನುವ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಫೋನ್ ದಿಂಬಿನ ಪಕ್ಕದಲ್ಲೇ ಇರುತ್ತದೆ. ಒಂದು ಚೀಲ ಯಾವಾಗಲೂ ಕಟ್ಟಿಟ್ಟಿರಬೇಕು: ಒಂದು ಜೊತೆ ಬಟ್ಟೆ, ಒಣಗಿದ ಕಾಲುಚೀಲ, ರೇನ್‌ಕೋಟ್, ಟಾರ್ಚ್, ಪವರ್ ಬ್ಯಾಂಕ್, ಹೆಚ್ಚುವರಿ ಬ್ಯಾಟರಿ. ಹೆಣ್ಣುಮಕ್ಕಳಿಗೆ ಇನ್ನೂ ಒಂದು ಕಷ್ಟ ಇದೆ, ಅದನ್ನು ಯಾರೂ ಬರೆಯುವುದಿಲ್ಲ. ದಿನವಿಡೀ ರಸ್ತೆಯಲ್ಲಿ ನಿಂತರೆ ಶೌಚಾಲಯ ಸಿಗುವುದಿಲ್ಲ. ಅದಕ್ಕೆ ನೀರನ್ನೇ ಕುಡಿಯದೆ ಇರುತ್ತೇವೆ. ಜೊತೆಗೆ ಒಬ್ಬರಿದ್ದರೆ ಸಾಮಾನು ನೋಡಿಕೊಳ್ಳಿ ಅಂತ ಹೇಳಿ ಹೋಗಿ ಬರಬಹುದು. ಒಬ್ಬರೇ ಇದ್ದಾಗ ಅಷ್ಟು ಬೆಲೆ ಬಾಳುವ ಕ್ಯಾಮೆರಾ ರಸ್ತೆಯಲ್ಲಿ ಬಿಟ್ಟು ಎಲ್ಲಿಗೆ ಹೋಗುವುದು?

ಮನೆಯವರು ನಮ್ಮನ್ನು ನೋಡುವುದು ಫೋನಿನಲ್ಲಿ. ವಾಹಿನಿಯ ಪ್ರಸಾರ ಅವರ ಊರಿಗೆ ಬರುವುದಿಲ್ಲ, ಯಾರಾದರೂ ತುಣುಕು ಹಾಕಿದರೆ ಅದನ್ನು ನೋಡುತ್ತಾರೆ. ನನ್ನ ಅಮ್ಮನಿಗೆ ಸುದ್ದಿ ಏನು ಅನ್ನುವುದು ಮುಖ್ಯ ಅಲ್ಲ. ಹಿಂದೆ ಎಷ್ಟು ಜನ ನಿಂತಿದ್ದಾರೆ, ಮುಖ ಬಾಡಿದೆಯಾ, ಸ್ವೆಟರ್ ಹಾಕಿದ್ದೀನಾ ಅಂತ ನೋಡುತ್ತಾರೆ. ರಾತ್ರಿಯ ಲೈವ್ ನೋಡಿದ ದಿನ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, "ಕ್ಯಾಮೆರಾದ ಅಣ್ಣ ಜೊತೆಗಿದ್ರಲ್ವಾ?" ಅಂತ. ಈಗ ನನ್ನ ಕೇಂದ್ರದಲ್ಲಿ ಅಣ್ಣ ಇಲ್ಲ. ಅವರ ಕೆಲಸ ತೆಗೆದ ಮೇಲೆ ಅವರು ಮದುವೆ ಮನೆಗಳ ವಿಡಿಯೋ ಮಾಡುತ್ತಿದ್ದಾರೆ. ಅಮ್ಮನಿಗೆ ನಿಜ ಹೇಳಿದ್ದೇನೆ. ಅಂದಿನಿಂದ ಅವರು ನಾನು ಕೋಣೆ ಸೇರಿದೆ ಅಂತ ಹೇಳುವವರೆಗೆ ಮಲಗುವುದಿಲ್ಲ.

ಇನ್ನೊಂದು ಮಾತು. ಸ್ವಂತ ಊರಾದರೆ ಒಂದು ಬೀದಿ ಅಂದರೆ ಶಾಲೆ, ಗೆಳತಿಯ ಮನೆ, ಆಟ ಆಡಿದ ಮೈದಾನ ನೆನಪಾಗುತ್ತದೆ. ಕೆಲಸಕ್ಕೆ ಬಂದ ಊರಿನ ಬೀದಿಗಳು ನಮಗೆ ಪರಿಚಯ ಆಗುವುದು ಅಲ್ಲಿ ಕೆಟ್ಟದ್ದು ನಡೆದಾಗ ಮಾತ್ರ. ಈ ತಿರುವಿನಲ್ಲಿ ಬಸ್ ಬಿದ್ದಿತ್ತು. ಆ ಮಹಡಿಗೆ ಬೆಂಕಿ ಬಿದ್ದಿತ್ತು. ಈ ಗೇಟಿನ ಮುಂದೆ ಒಬ್ಬ ತಂದೆ ನನ್ನ ಮೈಕ್ ಹಿಡಿದುಕೊಂಡು ಅತ್ತಿದ್ದರು. ಔಷಧಿ ತರಲು ಹೊರಟರೂ ಇವೆಲ್ಲ ದಾಟಿಕೊಂಡೇ ಹೋಗಬೇಕು. ಇಂಥದ್ದನ್ನು ದಿನಾ ನೋಡುವ ಪತ್ರಕರ್ತರ ಮನಸ್ಸಿಗೂ ಪೆಟ್ಟು ಬೀಳುತ್ತದೆ, ಜೊತೆಯವರ ಆಸರೆ ಇದ್ದರೆ ಅದನ್ನು ತಡೆದುಕೊಳ್ಳುವುದು ಸುಲಭ ಅಂತ ಅಮೆರಿಕದ ಡಾರ್ಟ್ ಸೆಂಟರ್‌ನಂಥ ಸಂಸ್ಥೆಗಳು ಬಹಳ ವರ್ಷದಿಂದ ಹೇಳುತ್ತಾ ಬಂದಿವೆ. ನಮಗೆ ಆ ಆಸರೆ ಸಿಗುತ್ತಿದ್ದದ್ದು ಯಾವ ಸಂಸ್ಥೆಯಲ್ಲೂ ಅಲ್ಲ, ವಾಪಸು ಬರುವ ಗಾಡಿಯಲ್ಲಿ. ಸಾವಿನ ಮನೆಯಿಂದ ಹೊರಟ ಮೇಲೆ ಅಣ್ಣ ಸ್ವಲ್ಪ ಹೊತ್ತು ಏನೂ ಮಾತಾಡುತ್ತಿರಲಿಲ್ಲ. ಆಮೇಲೆ "ಆ ಹುಡುಗನ ಅಜ್ಜನ್ನ ನಾನು ಬಲ್ಲೆ" ಅಂತ ಶುರು ಮಾಡುತ್ತಿದ್ದರು. ಅರ್ಧ ದಾರಿಯೊಳಗೆ ಇಬ್ಬರೂ ಹೇಳಬೇಕಾದ್ದನ್ನು ಹೇಳಿಕೊಂಡಿರುತ್ತಿದ್ದೆವು. ಈಗ ಗಾಡಿ ಓಡಿಸುತ್ತಾ ತಲೆಯಲ್ಲೇ ಸ್ಕ್ರಿಪ್ಟ್ ಬರೆಯುತ್ತೇನೆ. ರಸ್ತೆ ಬದಿಯಲ್ಲಿ ನಿಲ್ಲಿಸಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು, ಅದೇ ಅಳುವ ಮುಖವನ್ನು ಮತ್ತೆ ಮತ್ತೆ ಹಿಂದಕ್ಕೆ ಮುಂದಕ್ಕೆ ಓಡಿಸಿ ಕತ್ತರಿಸುತ್ತೇನೆ.

ವಾಹಿನಿಯವರಿಗೂ ಕಷ್ಟ ಇದೆ, ಅದು ನನಗೆ ಗೊತ್ತು. ಜಾಹೀರಾತು ಫೋನಿನ ಕಡೆ ಹೋಯಿತು, ಚಿಕ್ಕ ಕೇಂದ್ರಗಳು ನಡೆಯುವುದೇ ಕಷ್ಟ. ಹಗಲು ಹೊತ್ತಿನಲ್ಲಿ ಒಂದು ಸಭೆಗೋ, ಶಾಲೆಯ ಕಾರ್ಯಕ್ರಮಕ್ಕೋ ಒಬ್ಬರೇ ಹೋಗಿ ಬಂದರೆ ಏನೂ ಆಗಲ್ಲ. ನಾನೇ ಸಂತೋಷದಿಂದ ಹೋಗುತ್ತೇನೆ. ಒಬ್ಬರೇ ಇದ್ದಾಗ ಜನ ಬಿಚ್ಚು ಮನಸ್ಸಿನಿಂದ ಮಾತಾಡುವುದೂ ಉಂಟು. ನಾನು ಕೇಳುತ್ತಿರುವುದು ರಾತ್ರಿಯ ಬಗ್ಗೆ, ರಸ್ತೆ ಬದಿಯ ಬಗ್ಗೆ, ನೀರು, ಬೆಂಕಿ, ಗಲಭೆಯ ಬಗ್ಗೆ. ಅಲ್ಲಿಗೆ ಇಬ್ಬರು ಹೋಗಬೇಕು, ಇಬ್ಬರಲ್ಲಿ ಒಬ್ಬರು ಆ ಊರನ್ನು ಬಲ್ಲವರಾಗಿರಬೇಕು. ಸ್ಥಳದಲ್ಲಿರುವವರು "ಇಲ್ಲಿ ನಿಲ್ಲಲು ಆಗಲ್ಲ" ಅಂದರೆ ಡೆಸ್ಕ್‌ನವರು ಮರುಮಾತಾಡಬಾರದು.

ಮತ್ತೆ, ಖಾಲಿ ಲೈವ್ ನಿಲ್ಲಬೇಕು. ಸಂಜೆ 5 ಗಂಟೆಗೆ ಬೀಗ ಹಾಕಿದ ಕಚೇರಿಯ ಮುಂದೆ ರಾತ್ರಿ 9ರ ಬುಲೆಟಿನ್‌ಗೆ ನಿಂತು, ಬೆಳಿಗ್ಗೆ ಅಲ್ಲಿ ಏನಾಯಿತು ಅಂತ ಹೇಳುವುದರಿಂದ ನೋಡುವವರಿಗೆ ಏನು ಸಿಗುತ್ತದೆ? ಹಿಂದೆ ಕತ್ತಲೆ, ಒಂದು ಮುಚ್ಚಿದ ಗೇಟ್, ನಾಯಿಗಳು. ಪರದೆಯ ಮೂಲೆಯಲ್ಲಿ "ಲೈವ್" ಅಂತ ಕೆಂಪು ಅಕ್ಷರ ಬರಲಿ ಅಂತ ಮಾತ್ರ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಅಲ್ಲಿ ನಿಲ್ಲಿಸಿರುತ್ತಾರೆ. ಆ ಮಾತನ್ನೇ ಸ್ಟುಡಿಯೋದಲ್ಲಿ ಕೂತು, ಹಗಲು ತೆಗೆದ ದೃಶ್ಯ ತೋರಿಸಿ ಹೇಳಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆ ಹೊತ್ತನ್ನು ನಾಲ್ಕು ಫೋನ್ ಮಾಡಿ ಸುದ್ದಿ ಸರಿಯಾಗಿದೆಯಾ ಅಂತ ನೋಡಲು ಬಳಸಬಹುದು.

ಓದುಗರಲ್ಲೂ ಒಂದು ಕೋರಿಕೆ ಇದೆ. ನಿಮ್ಮ ಬೀದಿಯಲ್ಲಿ ಯಾರಾದರೂ ಒಬ್ಬರೇ ಕ್ಯಾಮೆರಾ ಮುಂದೆ ನಿಂತು ಮಾತಾಡುತ್ತಿದ್ದರೆ ಹಿಂದಿನಿಂದ ಬಂದು ಕೈ ಬೀಸಬೇಡಿ, ಕೂಗಬೇಡಿ, ಹಾರ್ನ್ ಹೊಡೆದು ಹೆದರಿಸಬೇಡಿ. ಆಗುವುದಾದರೆ ಸ್ವಲ್ಪ ದೂರದಲ್ಲಿ ನಿಂತು ರಸ್ತೆ ನೋಡಿಕೊಳ್ಳಿ. ಅಲ್ಲಿ ಗುಂಡಿ ಇದೆ, ತಂತಿ ಜೋತು ಬಿದ್ದಿದೆ ಅಂತ ಗೊತ್ತಿದ್ದರೆ ಲೈವ್ ಶುರುವಾಗುವ ಮೊದಲೇ ಬಂದು ಹೇಳಿ. ನಮಗೆ ಗೊತ್ತಿರುವುದಿಲ್ಲ. ಕುತ್ತಿಗೆ ಮಟ್ಟದ ನೀರಿನಲ್ಲಿ ವರದಿಗಾರರನ್ನು ನಿಲ್ಲಿಸಿದ ವಾಹಿನಿಯ ತುಣುಕನ್ನು ಹಂಚಿಕೊಂಡು ನಗುವ ಬದಲು ಆ ವಾಹಿನಿಗೇ ಬರೆಯಿರಿ, ಫೋನ್ ಮಾಡಿ, ಇದು ನಮಗೆ ಬೇಡ ಅಂತ ಹೇಳಿ. ವರದಿಗಾರರು ಹೇಳಿದರೆ ಕೆಲಸಕ್ಕೆ ಮೈಗಳ್ಳರು ಅನ್ನುತ್ತಾರೆ. ನೋಡುವವರು ಹೇಳಿದರೆ ಅದಕ್ಕೆ ತೂಕ ಜಾಸ್ತಿ.

ಈ ಪತ್ರ ಪ್ರಕಟಿಸುವುದಾದರೆ ದಯವಿಟ್ಟು ನನ್ನ ಹೆಸರು, ಊರು, ವಾಹಿನಿಯ ಹೆಸರು ಹಾಕಬೇಡಿ. ನಾನಿನ್ನೂ ಇದೇ ಕೆಲಸದಲ್ಲಿದ್ದೇನೆ, ಇದರಲ್ಲೇ ಇರಬೇಕು ಅನ್ನುವ ಆಸೆಯೂ ಇದೆ.

ಇಂತಿ,
ಒಬ್ಬ ಟಿವಿ ವರದಿಗಾರ್ತಿ